ಆಪರೇಟರ್ ಏನು ಹೇಳಿದರು?

ನಮ್ಮ ಶೆಡ್ಡಿನಲ್ಲಿ ಯಾರದಾದರೂ ಬೆರಳು ಹೋದರೆ ಮೊದಲು ಕೆನ್ನೆಗೆ ಬಾರಿಸುತ್ತಿದ್ದೆವು, ಆಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದೆವು. ಕೇಳಿದವರಿಗೆ ರಾಕ್ಷಸರ ಕೆಲಸ ಅನ್ನಿಸಬಹುದು. ಆದರೆ ಕಾಮಾಕ್ಷಿಪಾಳ್ಯದ ನಮ್ಮ ಗಲ್ಲಿಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಓಡಿಸುವ ಶೆಡ್ಡುಗಳಲ್ಲೆಲ್ಲ ಇದೇ ಪದ್ಧತಿ. ತನ್ನದೇ ರಕ್ತ ನೋಡಿದ ಮನುಷ್ಯ ತಲೆ ಸುತ್ತಿ, ಪಕ್ಕದಲ್ಲಿ ಓಡುತ್ತಿರುವ ಮೆಷಿನ್ನಿನ ಮೇಲೆ ಬೀಳುತ್ತಾನೆ, ಬೆರಳಿನ ಜೊತೆ ತಲೆಯೂ ಹೋಗುತ್ತದೆ. ಅದಕ್ಕೇ ಆ ಪೆಟ್ಟು. ಹೊಡೆದವನು "ಎಚ್ಚರ ಇದ್ಯಾ?" ಎಂದು ಕೇಳಬೇಕು. ಹೊಡೆಸಿಕೊಂಡವನು "ಇದೆ" ಅನ್ನಬೇಕು. ಅಂದ ಮೇಲೆಯೇ ಆಟೊ ಕರೆಸುವುದು. ನಾನು ಆ ಶೆಡ್ಡಿನ ಫೋರ್‌ಮನ್ ಆಗಿದ್ದ ಅಷ್ಟೂ ವರ್ಷ ಹೊಡೆಯುವ ಕೈ ನನ್ನದೇ ಆಗಿತ್ತು.

ನನಗೂ ಆ ಪೆಟ್ಟು ಬಿದ್ದಿದೆ. ಇಪ್ಪತ್ತನೇ ವಯಸ್ಸಿನಲ್ಲಿ ಎಡಗೈ ತೋರುಬೆರಳಿನ ತುದಿ ಹೋದಾಗ, ಕೆಲಸ ಕಲಿಸಿದ ಗುರು ಬಾರಿಸಿದ ರಭಸಕ್ಕೆ ಒಂದು ದವಡೆ ಹಲ್ಲು ಅಲ್ಲಾಡಿತು. ಬೆರಳು ಒಂದು ತಿಂಗಳಲ್ಲಿ ಮಾಯಿತು, ಹಲ್ಲು ಎರಡು ವರ್ಷ ಕಾಡಿತು. ಆ ಮನುಷ್ಯ ಸ್ಪ್ಯಾನರಿನಲ್ಲಿ ಮೊಣಕೈಗೆ ಕುಟ್ಟಿ ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಕೂರಿಸುವುದನ್ನು ಕಲಿಸಿದ್ದ. ನಾನು ಕಲಿಸಿದ್ದೂ ಹಾಗೆಯೇ. ಕೋಪ ನನಗೆ ಮೂಗಿನ ತುದಿಯಲ್ಲಿ. ಮಾಗಡಿ ರಸ್ತೆಯ ಬಸ್ಸಿನಲ್ಲಿ ಕಾಲು ತುಳಿದವನ ಮೂಗು ಒಡೆದು ಸ್ಟೇಷನ್ ಮೆಟ್ಟಿಲು ಹತ್ತಿದವನು ನಾನು. ಅದನ್ನು ಹೇಳಿಕೊಂಡು ಒಂದು ವರ್ಷ ಮೆರೆದಿದ್ದೂ ಉಂಟು.

ಇಂಥವನನ್ನು ಯೂನಿವರ್ಸಿಟಿಗೆ ಸೇರಿಸಿದವರು ನಮ್ಮ ಯಜಮಾನರು. ಶೆಡ್ಡು ನಿಂತಿರುವ ಜಾಗ ಅವರ ಅಜ್ಜನ ಕಾಲದಲ್ಲಿ ರಾಗಿ ಹೊಲವಂತೆ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯವರು, ಸುರಕ್ಷತೆಯ ಬಗ್ಗೆ ಓದಿದ ಒಬ್ಬನಾದರೂ ಶೆಡ್ಡಿನಲ್ಲಿ ಇರಲೇಬೇಕು ಎಂದು ಕಾಗದ ಕಳಿಸಿದ್ದರು. ಯಜಮಾನರು ಎಲ್ಲೋ ವಿಚಾರಿಸಿಕೊಂಡು ಬಂದು, ಫೋನಿನಲ್ಲೇ ಪಾಠ ಮಾಡುವ ವಿದೇಶದ ಯೂನಿವರ್ಸಿಟಿ ಒಂದಿದೆ, ಪುಕ್ಕಟೆ, ಯಾರು ಬೇಕಾದರೂ ಸೇರಬಹುದು, ನೀನೇ ಸೇರು ಅಂದರು. ಸರ್ಟಿಫಿಕೇಟ್ ಬಂದರೆ ಫ್ರೇಮು ಹಾಕಿಸಿ ದೇವರ ಫೋಟೊ ಪಕ್ಕ ನೇತುಹಾಕುವ ಯೋಚನೆ ಅವರದು.

ನಾನು ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದವನು. ಐಟಿಐ ಬಾಗಿಲಲ್ಲಿ ಗುಮಾಸ್ತನೊಬ್ಬ ನನ್ನ ಅಂಕಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಫೋನಿನ ಫಾರಂನಲ್ಲಿ ಎಷ್ಟು ಓದಿದ್ದೀರಿ ಎಂಬ ಪ್ರಶ್ನೆ ಬಂದಾಗ ಸಿಟ್ಟಿನಲ್ಲೇ ಇದ್ದದ್ದನ್ನು ಇದ್ದಹಾಗೆ ಒತ್ತಿದೆ. ಅದು ಚಕಾರ ಎತ್ತದೆ ಮುಂದಿನ ಪುಟಕ್ಕೆ ಹೋಯಿತು. ನನ್ನನ್ನು ಬಾಗಿಲಲ್ಲಿ ನಿಲ್ಲಿಸದ ಮೊದಲ ಕಾಲೇಜು ಅದು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಶಟರ್ ಅರ್ಧ ಎತ್ತಿ, ಮೂರನೇ ನಂಬರ್ ಪ್ರೆಸ್ಸಿನ ಸ್ಟೂಲಿನ ಮೇಲೆ ಕೂತು, ಫೋನನ್ನು ಡೈಗೆ ಒರಗಿಸಿ ಪಾಠ ಕೇಳುತ್ತಿದ್ದೆ. ಕಲಿಸುತ್ತಿದ್ದವರು ಚಳಿ ದೇಶದ ಒಬ್ಬ ವಯಸ್ಸಾದ ಹೆಂಗಸು. ದಪ್ಪ ಸ್ವೆಟರು, ಮೆಲ್ಲಗಿನ ಮಾತು. ಕೆಳಗೆ ಕನ್ನಡದ ಅಕ್ಷರ ಓಡುತ್ತಿತ್ತು. ದನಿ ಏರಿಸದೆ ಕಲಿಸುವ ಮೇಷ್ಟ್ರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೊದಲ ವಾರವೇ ಆಕೆ ಒಂದು ನಿಯಮ ಹಾಕಿದರು. ಅಪಘಾತದ ವರದಿಯಲ್ಲಿ ಅಜಾಗರೂಕತೆ ಎಂಬ ಪದ ಬರಕೂಡದು, ಅದು ಉತ್ತರವಲ್ಲ, ಹುಡುಕುವುದನ್ನು ನಿಲ್ಲಿಸಲು ಒಂದು ನೆಪ ಎಂದರು. ನಾನು ಒಬ್ಬನೇ ಕೂತು ನಕ್ಕೆ. ನಮ್ಮ ಶೆಡ್ಡಿನ ಅಪಘಾತ ರಿಜಿಸ್ಟರಿನಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇದ್ದದ್ದು ಒಂದೇ ಸಾಲು: ಆಪರೇಟರ್ ಅಜಾಗರೂಕತೆ. ಬರೆದ ಕೈಯೂ ನನ್ನದೇ.

ಪಾಠ ಕೇಳಿದ ತಕ್ಷಣ ನಾನು ಸಾಧುವಾಗಲಿಲ್ಲ. ತಪ್ಪು ಮಾಡಿದವನನ್ನು ಬೈಯುವ ಮೊದಲು ಅವನು ಹಾಗೇಕೆ ಮಾಡಿದ ಎಂದು ಕೇಳಿ ಎಂಬುದು ಮೂರನೇ ವಾರದ ಪಾಠ. ಅದರ ಮರುದಿನವೇ ಚಿಮಟ ಬಿಟ್ಟು ಬರಿಗೈಯಲ್ಲಿ ಪೀಸು ತೆಗೆಯುತ್ತಿದ್ದವನ ಬೆನ್ನಿಗೆ ಗುದ್ದಿ, ಆಮೇಲೆ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅವನು ಉಸಿರು ಸಿಕ್ಕ ಮೇಲೆ, ಚಿಮಟ ಮುರಿದು ಹದಿನೈದು ದಿನ ಆಯ್ತು ಅಂದ. ನನಗೆ ಹೇಳಬೇಕಿತ್ತು ಎಂದರೆ, ಹೇಳಿದರೆ ಹೊಡೀತೀರಲ್ಲ ಅಂದ.

ಕೊನೆಗೊಂದು ಬರೆಯುವ ಕೆಲಸ ಕೊಟ್ಟರು. ನಿಮ್ಮ ಕೆಲಸದ ಜಾಗದಲ್ಲಿ ನಡೆದ ಒಂದು ಅಪಘಾತವನ್ನು ತೆಗೆದುಕೊಂಡು ಏಕೆ, ಏಕೆ ಎಂದು ಐದು ಸಲ ಕೇಳುತ್ತ ಬುಡಕ್ಕೆ ಹೋಗಿ. ಅದಕ್ಕೆ ಅಂಕ ಕೊಡುವವರು ಮೇಷ್ಟ್ರಲ್ಲ, ಜೊತೆಗೆ ಓದುತ್ತಿರುವ ಗುರುತು ಪರಿಚಯವಿಲ್ಲದ ಮೂವರು. ನಾವೂ ಮೂವರದಕ್ಕೆ ಕೊಡಬೇಕು. ನನ್ನ ಪಾಲಿಗೆ ಯಾವುದೋ ದೇಶದ ಆಸ್ಪತ್ರೆಯ ಒದ್ದೆ ನೆಲದಲ್ಲಿ ರೋಗಿ ಜಾರಿ ಬಿದ್ದ ಕಥೆ ಬಂತು. ನೆಲ ಒರೆಸಿದವಳಿಗೆ ಎರಡು ಬಿಟ್ಟರೆ ಸರಿಹೋಗುತ್ತದೆ ಎಂದು ಬರೆದು, ಕೋರ್ಸಿನಿಂದ ಓಡಿಸಿಯಾರು ಎಂದು ಅಳಿಸಿದೆ.

ನಾನು ಆರಿಸಿಕೊಂಡದ್ದು ಏಳು ವರ್ಷದ ಹಿಂದಿನದು. ಅದೇ ಸುಲಭ ಅನ್ನಿಸಿತು, ಗಲಾಟೆಯಿಲ್ಲದೆ ಮುಗಿದ ಅಪಘಾತ. ಗಾರ್ಮೆಂಟ್ಸ್ ಬಿಟ್ಟು ನಮ್ಮಲ್ಲಿಗೆ ಬಂದಿದ್ದ ಒಬ್ಬ ಹೆಣ್ಣುಮಗಳು, ಮನೆಯಲ್ಲಿ ಅತ್ತೆಯ ಹತ್ತಿರ ಒಂದು ವರ್ಷದ ಕೂಸು. ಬಾಗಿಲಿನ ಕೀಲಿನ ತಗಡು ಒತ್ತುವ ಕೆಲಸ. ತಗಡನ್ನು ಡೈ ಮೇಲೆ ಇಡು, ಪೆಡಲ್ ತುಳಿ, ಮೇಲಿನ ಪಂಚು ಇಳಿದು ಒತ್ತಿ ಮೇಲೆ ಹೋಗುತ್ತದೆ, ಪೀಸು ತೆಗಿ. ಇಡೀ ಶೆಡ್ಡಿನಲ್ಲಿ ಅವಳಷ್ಟು ಚುರುಕಿನ ಕೈ ಇರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಬುಡದಿಂದ ಹೋದವು. ಏಕೆ? ಕೈ ಡೈ ಒಳಗಿತ್ತು. ಏಕೆ? ಪೀಸು ಸಿಕ್ಕಿಕೊಂಡಿತ್ತು. ಪಂಚು ಏಕೆ ಇಳಿಯಿತು? ಪೆಡಲ್ ತುಳಿದಳು. ಏಕೆ ತುಳಿದಳು? ಗಮನ ಇರಲಿಲ್ಲ. ಏಕೆ? ಎಳೆ ಕೂಸಿನ ತಾಯಿ, ನಿದ್ದೆಗೆಟ್ಟಿದ್ದಳು. ಐದೂ ಆಯಿತು. ಅಜಾಗರೂಕತೆ ಎಂಬ ಪದವೂ ಬರಲಿಲ್ಲ. ಕನ್ನಡದಲ್ಲಿ ಬರೆದು, ಫೋನಿನಿಂದಲೇ ಇಂಗ್ಲಿಷ್ ಮಾಡಿಸಿ ಕಳಿಸಿ, ದರ್ಶಿನಿಗೆ ಹೋಗಿ ಖಾರಾಬಾತ್ ತಿಂದೆ.

ಮುಂದಿನ ಭಾನುವಾರ ಅಂಕ ಬಂತು. ಇಬ್ಬರು ಪಾಸು ಮಾಡಿದ್ದರು. ಮೂರನೆಯವರು ಅಂಕ ತಡೆಹಿಡಿದು ಒಂದೇ ಸಾಲು ಬರೆದಿದ್ದರು. ಕನ್ನಡಕ್ಕೆ ತಿರುಗಿಸಿ ಓದಿದೆ. "ಆಪರೇಟರ್ ಏನು ಹೇಳಿದರು? ಅದು ನಿಮ್ಮ ವರದಿಯಲ್ಲಿ ಇಲ್ಲ."

ಪಿತ್ತ ನೆತ್ತಿಗೇರಿತು. ಯಾವನೋ, ಯಾವಳೋ, ಎಲ್ಲೋ ಕೂತು ನನ್ನನ್ನು ಕೇಳುವುದೇ? ಪವರ್ ಪ್ರೆಸ್ಸಿನ ಮುಖ ನೋಡಿದ್ದಾರೋ ಇಲ್ಲವೋ. ಬಾಯಿಗೆ ಬಂದದ್ದನ್ನು ಬೈಯುತ್ತ ಫೋನನ್ನು ಎತ್ತಿ ಎದುರಿನ ಗೋಡೆಗೆ ಹೊಡೆದೆ. ಗಾಜು ಒಡೆದು ಕೆಳಗೆ ಬಿತ್ತು. ಹೋಗಿ ಎತ್ತಿಕೊಂಡರೆ ಬಿರುಕುಗಳ ಹಿಂದೆ ಆ ಸಾಲು ಹಾಗೇ ಉರಿಯುತ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ.

ಆಪರೇಟರ್ ಏನು ಹೇಳಿದರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಅವಳ ಕಿರುಚು ಕೇಳಿ ಓಡಿಹೋದಾಗ ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಮೆಷಿನ್ನಿನ ಮೇಲೆ, ಸೀರೆಯ ಮೇಲೆ, ಎದುರಿನ ತಗಡಿನ ರಾಶಿಯ ಮೇಲೆ ರಕ್ತ ಚಿಮ್ಮಿತ್ತು. ಡೈ ಮೇಲೆ ಪೀಸಿನ ಜೊತೆ ಎರಡು ಬೆರಳು ಚಪ್ಪಟೆಯಾಗಿ ಅಂಟಿದ್ದವು. ಮೋಟರ್ ಆರಿಸಿ, ಪದ್ಧತಿಯಂತೆ ಕೆನ್ನೆಗೆ ಬಾರಿಸಿ, "ಎಚ್ಚರ ಇದ್ಯಾ?" ಎಂದು ಕೇಳಿದೆ. "ಇದೆ," ಅಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ನಾನು ತುಳೀಲಿಲ್ಲ ಅಣ್ಣ. ಅದೇ ಇಳೀತು," ಅಂದಳು.

ನಾನು ಇನ್ನೊಂದು ಬಾರಿಸಿದೆ. ಮೊದಲನೆಯದಕ್ಕಿಂತ ಜೋರಾಗಿ. ತುಳಿಯದೆ ತಾನಾಗಿ ಇಳಿಯೋಕೆ ಅದೇನು ದೆವ್ವನಾ, ನಿನ್ನ ಗಮನ ಎಲ್ಲಿತ್ತು ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅವಳ ತುಟಿ ಒಡೆಯಿತು. ಮೊದಲನೇ ಪೆಟ್ಟು ಪದ್ಧತಿಯದು, ಅದನ್ನು ಯಾರ ಮುಂದೆಯಾದರೂ ಒಪ್ಪಿಕೊಂಡೇನು. ಎರಡನೆಯದು ಅವಳ ಬಾಯಿ ಮುಚ್ಚಿಸಲು ಹೊಡೆದದ್ದು.

ಯಾಕೆಂದರೆ ಅವಳು ಹೇಳಿದ್ದು ನಿಜ. ಪೆಡಲ್ ಒಮ್ಮೆ ತುಳಿದರೆ ಪಂಚು ಒಮ್ಮೆ ಇಳಿದು, ಮೇಲೆ ಹೋಗಿ ನಿಲ್ಲಬೇಕು. ಹಾಗೆ ನಿಲ್ಲುವಂತೆ ಮಾಡುವುದು ಹೆಬ್ಬೆರಳು ಗಾತ್ರದ ಒಂದು ಸ್ಪ್ರಿಂಗು. ಅದು ಸೋತರೆ ಪಂಚು ಕೇಳದೆಯೇ ಇನ್ನೊಂದು ಸಲ ಇಳಿಯುತ್ತದೆ. ಅವಳ ಮೆಷಿನ್ನಿನ ಸ್ಪ್ರಿಂಗು ಹಿಂದಿನ ಸಂಜೆ ತುಂಡಾಗಿತ್ತು. ಹೊಸದು ತಂದು ಕೂರಿಸಲು ಅರ್ಧ ದಿನ ಬೇಕು, ಲೋಡು ಶನಿವಾರ ಮಧ್ಯಾಹ್ನ ಹೊರಡಬೇಕು. ಏನಾದರೂ ಮಾಡಿ ಓಡಿಸು ಅಂದರು ಯಜಮಾನರು. ನಾನು ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಸ್ಪ್ರಿಂಗಿನ ಜಾಗಕ್ಕೆ ಬಿಗಿದೆ. ನಾಲ್ಕು ಸಲ ತುಳಿದು ನೋಡಿದೆ, ನಿಂತಿತು. ಸಾಕು ಅಂದುಕೊಂಡೆ.

ಆಟೊ ಅವಳನ್ನು ಕರೆದುಕೊಂಡು ಹೋದ ಕೂಡಲೇ ಆ ರಬ್ಬರನ್ನು ಕತ್ತರಿಸಿ ಮೋರಿಗೆ ಎಸೆದು, ನಾನೇ ಓಡಿಹೋಗಿ ಸ್ಪ್ರಿಂಗು ತಂದು ಕೂರಿಸಿದೆ. ಅರ್ಧ ದಿನದ ಕೆಲಸ ಅವತ್ತು ಒಂದು ಗಂಟೆಯಲ್ಲಿ ಮುಗಿಯಿತು. ಸಂಜೆ ಯಜಮಾನರು ಬಂದು ಮೆಷಿನ್ನಿಗೆ ಕುಂಕುಮ ಹಚ್ಚಿ ಬೂದುಗುಂಬಳಕಾಯಿ ಒಡೆದರು. ಎಲ್ಲರ ಮುಂದೆ ಪೆಡಲ್ ತುಳಿದು ನೋಡಿದರು. ಒಂದೇ ಸಲ ಇಳಿದು ನಿಂತಿತು. ಮೆಷಿನ್ನಿನಲ್ಲಿ ದೋಷ ಇಲ್ಲ ಅಂದರು. ನಾನು ರಿಜಿಸ್ಟರ್ ತೆಗೆದು ಅದೇ ಸಾಲನ್ನು ಬರೆದೆ.

ಏಳು ವರ್ಷ ಆ ರಬ್ಬರು ನನ್ನ ನೆನಪಿಗೆ ಬರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬರುತ್ತಿತ್ತು. ಬಂದಾಗ ಯಾರಿಗಾದರೂ ಬಾರಿಸುತ್ತಿದ್ದೆ, ಹೋಗುತ್ತಿತ್ತು.

ಸೋಮವಾರ ಯಜಮಾನರಿಗೆ, ಆ ಹೆಣ್ಣುಮಗಳನ್ನು ಒಂದು ಮಾತು ಕೇಳಿಕೊಂಡು ಬರಬೇಕು, ವರದಿಗೆ ಬೇಕು ಎಂದೆ. ಯಾವ ಮಾತು ಎಂದು ಅವರು ಕೇಳಲಿಲ್ಲ. ಅದರಿಂದಲೇ ಅವರಿಗೂ ಎಲ್ಲ ನೆನಪಿದೆ ಎಂದು ಗೊತ್ತಾಯಿತು. ಮುಚ್ಚಿದ್ದನ್ನು ಕೆದಕಬೇಡ ಎಂದರು. ನಾನು ಎದುರಾಡಿದೆ. ಟ್ಯೂಬು ಕಟ್ಟಿದ್ದು ನೀನು, ಜೈಲಿಗೆ ಹೋಗುವವನೂ ನೀನೇ ಎಂದು ನನ್ನ ಎದೆಗೆ ಕೈ ಹಾಕಿ ತಳ್ಳಿದರು. ಬೆನ್ನು ಗ್ರೈಂಡಿಂಗ್ ಮೆಷಿನ್ನಿನ ಮೂಲೆಗೆ ಬಡಿಯಿತು. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಅನ್ನ ಹಾಕಿದ ಮನುಷ್ಯನ ಕೊರಳಪಟ್ಟಿ ಹಿಡಿದು ಶಟರಿಗೆ ಒತ್ತಿದೆ. ನಾಲ್ಕು ಜನ ಸೇರಿ ಬಿಡಿಸುವ ಹೊತ್ತಿಗೆ ಅವರ ಕನ್ನಡಕ ನನ್ನ ಕಾಲ ಕೆಳಗೆ ಪುಡಿಯಾಗಿತ್ತು, ನನ್ನ ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಅವತ್ತೇ ಆ ಶೆಡ್ಡಿನ ಋಣ ತೀರಿತು.

ಮುಂದಿನ ಭಾನುವಾರ ವಿಳಾಸ ವಿಚಾರಿಸಿಕೊಂಡು ಅವಳಿದ್ದ ಮಾರೇನಹಳ್ಳಿಗೆ ಹೋದೆ. ಪಶ್ಚಾತ್ತಾಪ ತುಂಬಿ ಹೋದೆ ಎಂದರೆ ಸುಳ್ಳಾಗುತ್ತದೆ. ಕೆಲಸ ಹೋಗಿತ್ತು, ಸರ್ಟಿಫಿಕೇಟ್ ಇದ್ದರೆ ಬೇರೆ ಶೆಡ್ಡಿನಲ್ಲಿ ಸೇರಿಸಿಕೊಂಡಾರು ಎಂಬ ಆಸೆ ಇತ್ತು. ಅವಳ ಬಾಯಿಂದ ಆ ಒಂದು ಮಾತು ಕೇಳಿ, ವರದಿಗೆ ಸೇರಿಸಿ, ಪಾಸಾಗಿಬಿಡುವುದು. ಟ್ಯೂಬಿನ ವಿಷಯ ಅವಳ ಹತ್ತಿರ ಎತ್ತುವ ಯೋಚನೆ ಇರಲಿಲ್ಲ.

ಮುಖ್ಯ ರಸ್ತೆಯಿಂದ ಎರಡನೇ ಅಡ್ಡರಸ್ತೆ, ನೆಲ ಅಂತಸ್ತಿನ ಬಾಡಿಗೆ ಮನೆ. ಬಾಗಿಲು ತೆಗೆದವಳು ಗುರುತು ಹಿಡಿದು, "ಬನ್ನಿ ಅಣ್ಣ," ಎಂದು ಕುರ್ಚಿ ಎಳೆದು ಹಾಕಿದಳು. ನಾನು ಒಯ್ದಿದ್ದ ಬಾಳೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಾನು ಬಲಗೈ ನೋಡಲಿಲ್ಲ. ಗಂಡ ಆಟೊ ತೆಗೆದುಕೊಂಡು ಹೋಗಿದ್ದ. ಕೂಸಾಗಿದ್ದವಳು ಈಗ ಎಂಟು ವರ್ಷದ ಹುಡುಗಿ, ಬಣ್ಣದ ಪೆನ್ಸಿಲ್ಲಿನ ಡಬ್ಬಿ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. ರಸ್ತೆಯ ಆಚೆ ಬದಿಯಲ್ಲಿ ಡ್ರಾಯಿಂಗ್ ಕ್ಲಾಸಂತೆ. ತಾಯಿ ಸಿದ್ಧವಾಗಿಯೇ ಇದ್ದಳು, ಆದರೆ ಬಿಟ್ಟುಬರುವವರು ಅತ್ತೆ, ಅಡುಗೆಮನೆಯಲ್ಲಿ ಅವರ ಕೆಲಸ ಮುಗಿಯಬೇಕಿತ್ತು. ನೀನೇ ಬಿಟ್ಟು ಬರಬಹುದಲ್ಲಮ್ಮ ಎಂದೆ, ಸುಮ್ಮನೆ ಮಾತಿಗೆ.

ಉತ್ತರ ಅಡುಗೆಮನೆಯಿಂದ ಬಂತು. ಅತ್ತೆ ಹೊರಗೆ ಬಾರದೆಯೇ ಹೇಳಿದರು. ಇವಳ ಕೈಗೆ ಮಗುವನ್ನು ಕೊಟ್ಟು ರಸ್ತೆ ದಾಟಿಸಲು ಕಳಿಸುವುದುಂಟೆ, ಮೈಮೇಲೆ ಗ್ಯಾನ ಇಲ್ಲದೆ ಎರಡು ಬೆರಳು ಕಳೆದುಕೊಂಡವಳು, ಒಲೆ ಹತ್ತಿರವೂ ತಾವು ಬಿಡುವುದಿಲ್ಲ, ಕೂಸಿದ್ದಾಗ ಎತ್ತಿಕೊಳ್ಳಲೂ ಬಿಡಲಿಲ್ಲ ಎಂದರು. ಗದರಿಕೆ ಇರಲಿಲ್ಲ ಅದರಲ್ಲಿ. ಇವತ್ತು ನೀರು ಬರುವುದಿಲ್ಲ ಎನ್ನುವ ಹಾಗೆ ಹೇಳಿದರು. ಅವಳೂ ಹಾಗೆಯೇ ಕೇಳಿಸಿಕೊಂಡಳು.

ನಾನು ದನಿ ತಗ್ಗಿಸಿ, ಅವತ್ತು ಏನಾಯಿತು ಎಂದು ಕೇಳಿದೆ.

"ಗಮನ ಇರ್ಲಿಲ್ಲ ಅಣ್ಣ," ಅಂದಳು.

ನೀನು ಪೆಡಲ್ ತುಳಿಯಲಿಲ್ಲ ಎಂದು ಹೇಳಿದ್ದೆಯಲ್ಲ ಎಂದೆ.

ಅವಳು ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. "ತುಳಿದಿರ್ಬೇಕು ಅಣ್ಣ. ಇಲ್ದಿದ್ರೆ ಹೆಂಗಿಳಿಯುತ್ತೆ? ನೀವೇ ಹೇಳಿದ್ರಲ್ಲ." ಮತ್ತೆ ಮೆಲ್ಲಗೆ, ಈಗಲೂ ಹಾಗೆಯೇ, ರಾತ್ರಿ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುತ್ತೇನೆ, ರಸ್ತೆಯಲ್ಲಿ ಮಗಳ ಕೈ ಹಿಡಿದರೆ ನನ್ನ ಕಾಲು ಏನು ಮಾಡುತ್ತದೋ ಎಂದು ಭಯ, ಅತ್ತೆ ಹೇಳುವುದು ಸರಿ ಎಂದಳು.

ನಾನು ಹೊಡೆದ ಎಷ್ಟೋ ಏಟುಗಳಲ್ಲಿ ಗುರಿ ತಪ್ಪದೆ ಬಿದ್ದದ್ದು ಅವತ್ತಿನ ಆ ಎರಡನೆಯದೊಂದೇ. ತುಟಿ ಒಡೆದದ್ದು ವಾರದಲ್ಲಿ ಮಾಯ್ದಿರಬೇಕು. ಅವಳು ತನ್ನ ಕಾಲನ್ನು ತಾನೇ ನಂಬದಂತೆ ಮಾಡಿದ್ದು ಏಳು ವರ್ಷವಾದರೂ ಹಾಗೇ ಇತ್ತು. ಕುರ್ಚಿಯ ಮೇಲೆ ಕೂತಿರಲು ಆಗಲಿಲ್ಲ, ಎದ್ದು ನಿಂತೆ. ವರದಿ, ಸರ್ಟಿಫಿಕೇಟು, ಯಾವುದೂ ತಲೆಯಲ್ಲಿ ಉಳಿದಿರಲಿಲ್ಲ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

"ನೀನು ತುಳೀಲಿಲ್ಲ ಕಣಮ್ಮ," ಅಂದೆ. "ಸ್ಪ್ರಿಂಗ್ ಮುರಿದಿತ್ತು. ನಾನು ಸೈಕಲ್ ಟ್ಯೂಬ್ ಕಟ್ಟಿದ್ದೆ. ಅದು ಸಡಿಲಾಗಿ ಎರಡನೇ ಸಲ ತಾನಾಗೇ ಇಳೀತು. ನಂಗೊತ್ತಿತ್ತು. ಗೊತ್ತಿದ್ದೇ ನಿಂಗೆ ಹೊಡೆದೆ."

ಅವಳು ಕೈಯಲ್ಲಿದ್ದ ಬಾಳೆಹಣ್ಣನ್ನು ನಿಧಾನವಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಎರಡು ಹೆಜ್ಜೆ ಹತ್ತಿರ ಬಂದಳು. ಬಲಗೈ ಎತ್ತಿದ್ದು ಕಂಡಿತು, ನಾನು ಮುಖ ತಿರುಗಿಸಲಿಲ್ಲ. ಆ ಏಟಿಗೆ ಕಿವಿಯಲ್ಲಿ ಗುಂಯ್ ಎಂದಿತು. ಆ ಹಳೆಯ ದವಡೆ ಹಲ್ಲಿನ ಜಾಗದಲ್ಲಿ ರಕ್ತದ ರುಚಿ ಬಂತು. ಹುಡುಗಿಯ ಕೈಯಿಂದ ಪೆನ್ಸಿಲ್ ಡಬ್ಬಿ ಬಿದ್ದು ಬಣ್ಣಗಳೆಲ್ಲ ಉರುಳಿದವು. ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾಗಲೂ ಕೆನ್ನೆಯ ಮೇಲಿನ ಗುರುತು ಹೋಗಿರಲಿಲ್ಲ. ಎರಡೇ ಬೆರಳಿನ ಗುರುತು.

"ಎಚ್ಚರ ಇದ್ಯಾ ಅಣ್ಣ?" ಅಂದಳು.

"ಇದೆ," ಅಂದೆ.

ಎರಡನೇ ಏಟಿಗೆ ಕೆನ್ನೆ ಕೊಟ್ಟು ಕಾದೆ. ಅದು ಬರಬೇಕಾದದ್ದು ನ್ಯಾಯ. ಅವಳು ಹೊಡೆಯಲಿಲ್ಲ.

"ಹಂಗಾದ್ರೆ ಇನ್ನೊಂದ್ಸಲ ಹೇಳಿ," ಅಂದಳು. "ಅತ್ತೆಗೆ ಕೇಳ್ಸೋ ಹಂಗೆ."

ನಾನು ಶೆಡ್ಡಿನಲ್ಲಿ ಮೆಷಿನ್ನುಗಳ ಮೇಲೆ ಕೂಗುವಷ್ಟು ದೊಡ್ಡ ದನಿಯಲ್ಲಿ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳು ಬಗ್ಗಿ ಪೆನ್ಸಿಲ್ಲುಗಳನ್ನೆಲ್ಲ ಆರಿಸಿ ಡಬ್ಬಿಗೆ ತುಂಬಿದಳು. ಆಮೇಲೆ ಆ ಬಲಗೈಯಲ್ಲೇ ಮಗಳ ಕೈ ಹಿಡಿದುಕೊಂಡು, ಯಾರನ್ನೂ ಕೇಳದೆ ಹೊಸಿಲು ದಾಟಿ ರಸ್ತೆಯ ಕಡೆಗೆ ನಡೆದಳು.